ಸಿಖ್ ಧರ್ಮದ ಪಾಠ: ನನ್ನ ತರಗತಿಯಲ್ಲಿ ರೂಢಿಸಿಕೊಂಡ ಕ್ರಮ

ಪ್ರೌಢಶಾಲೆಯ ಇತಿಹಾಸದಲ್ಲಿ ಗುರು ನಾನಕರು ಸಾಮಾನ್ಯವಾಗಿ ಭಕ್ತಿ ಪಂಥದ ಪಾಠದಲ್ಲಿ, ಕಬೀರ ಮತ್ತು ಚೈತನ್ಯರ ಜೊತೆಗೆ, ಒಂದೆರಡು ಪ್ಯಾರಾಗಳಲ್ಲಿ ಬಂದು ಹೋಗುತ್ತಾರೆ. ಮುಂದೆ ಔರಂಗಜೇಬನನ್ನು ವಿರೋಧಿಸಿದವರ ಪಟ್ಟಿಯಲ್ಲಿ ಸಿಖ್ಖರು ಏಕಾಏಕಿ ಖಡ್ಗ ಹಿಡಿದು ಕಾಣಿಸಿಕೊಳ್ಳುತ್ತಾರೆ. ನಡುವೆ ನಡೆದದ್ದೇನೆಂದು ವಿದ್ಯಾರ್ಥಿಗೆ ಯಾರೂ ಹೇಳುವುದಿಲ್ಲವಾದ್ದರಿಂದ, ‘ಹಿಂದೂ ಮತ್ತು ಇಸ್ಲಾಂ ಧರ್ಮಗಳ ಒಳ್ಳೆಯ ಅಂಶಗಳನ್ನು ಸೇರಿಸಿ ರೂಪಿಸಿದ ಮತ’ ಎಂಬ ಸಿದ್ಧವಾಕ್ಯ ಆ ಖಾಲಿ ಜಾಗವನ್ನು ತುಂಬುತ್ತದೆ. ಬೀದರ್ ಸೀಮೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ವಾಕ್ಯದಿಂದ ಸಮಾಧಾನವಾಗಲಿಲ್ಲ. ನನ್ನ ಮಕ್ಕಳಲ್ಲಿ ಅನೇಕರು ನಾನಕ ಝೀರಾ ಸಾಹೇಬ್ ಗುರುದ್ವಾರದ ಪಂಕ್ತಿಯಲ್ಲಿ ಕೂತು ಉಂಡವರು. ಅಲ್ಲಿ ಕಂಡದ್ದಕ್ಕೂ ಪಾಠಕ್ಕೂ ಅವರಿಗೆ ಸಂಬಂಧವೇ ಸಿಗುತ್ತಿರಲಿಲ್ಲ.

ನಾನು ಮೊದಲು ಮಾಡಿದ್ದು ಕಾಲರೇಖೆಯನ್ನು ಪೂರ್ತಿಯಾಗಿ ಎಳೆದದ್ದು. 1469ರಲ್ಲಿ ತಲವಂಡಿಯಲ್ಲಿ ನಾನಕರು ಹುಟ್ಟಿದಂದಿನಿಂದ 1708ರಲ್ಲಿ ನಾಂದೇಡಿನಲ್ಲಿ ಗುರು ಗೋಬಿಂದ ಸಿಂಗರು ತೀರಿಕೊಳ್ಳುವವರೆಗೆ ಹತ್ತು ಗುರುಗಳ 239 ವರ್ಷಗಳ ಕಥೆ ಇದು. ನಾನಕರು ಕರ್ತಾರಪುರದಲ್ಲಿ ನೆಲೆನಿಂತು ಬೇಸಾಯ ಮಾಡುತ್ತ ಒಂದು ಸಮುದಾಯವನ್ನು ಕಟ್ಟಿದರು. ತಮ್ಮ ಮಕ್ಕಳನ್ನು ಬಿಟ್ಟು ಶಿಷ್ಯ ಲೆಹಣಾ ಅವರನ್ನು ಅಂಗದ ಎಂಬ ಹೆಸರಿನಿಂದ ಉತ್ತರಾಧಿಕಾರಿಯನ್ನಾಗಿ ಮಾಡಿದರು. ಹಾಡುಗಳನ್ನು ಉಳಿಸಿಹೋದ ಒಬ್ಬ ಸಂತರೊಂದಿಗೆ ಮುಗಿಯಬಹುದಾಗಿದ್ದ ಕಥೆ ಮುಂದುವರಿದದ್ದು ಈ ನಿರ್ಧಾರದಿಂದ. ಆಮೇಲೆ ಗುರುಮುಖಿ ಲಿಪಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಲಂಗರ್, ಅಮೃತಸರ, 1604ರಲ್ಲಿ ಗುರು ಅರ್ಜನರು ಸಿದ್ಧಗೊಳಿಸಿದ ಆದಿ ಗ್ರಂಥ ಒಂದೊಂದಾಗಿ ಬರುತ್ತವೆ.

ನಂಬಿಕೆಯ ವಿಷಯವನ್ನು ಆ ಗ್ರಂಥದಿಂದಲೇ ಕಲಿಸುತ್ತೇನೆ. ಅದರಲ್ಲಿ ಗುರುಗಳ ವಾಣಿಯ ಜೊತೆಗೆ ನೇಕಾರ ಕಬೀರರ, ಚಮ್ಮಾರ ರವಿದಾಸರ, ಮಹಾರಾಷ್ಟ್ರದ ನಾಮದೇವರ, ಸೂಫಿ ಶೇಖ್ ಫರೀದರ ರಚನೆಗಳೂ ಇವೆ. ಇಷ್ಟು ಹೇಳಿದರೆ ‘ಮಿಶ್ರಣ’ ಎಂಬ ಮಾತು ಮತ್ತೆ ತಲೆ ಎತ್ತುತ್ತದೆ. ಆಗ ಮೂಲಮಂತ್ರವನ್ನು ಹಲಗೆಯ ಮೇಲೆ ಬರೆಯುತ್ತೇನೆ: ಒಬ್ಬನೇ ದೇವರು, ಸೃಷ್ಟಿಕರ್ತ, ಭಯವಿಲ್ಲದವನು, ವೈರವಿಲ್ಲದವನು, ಕಾಲಕ್ಕೆ ಸಿಲುಕದವನು, ಜನ್ಮವಿಲ್ಲದವನು. ಗ್ರಂಥದ ಉಳಿದ ವಾಣಿಯೆಲ್ಲ ಈ ತಳಹದಿಯ ಮೇಲೆ ನಿಂತಿದೆ ಎಂದು ತಿಳಿದ ಮೇಲೆ, ಬೇರೆಯವರ ಪದಗಳಿಗೆ ಗುರುಗಳು ಏಕೆ ಜಾಗ ಕೊಟ್ಟರೆಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಲಂಗರ್ ಎಂದೊಡನೆ ನಮ್ಮ ಮಕ್ಕಳು ದಾಸೋಹ ಎನ್ನುತ್ತಾರೆ. ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಇದು ಸಹಜ, ಮತ್ತು ನನಗೆ ಸಂತೋಷದ ವಿಷಯ; ದುಡಿದು ಉಣ್ಣುವುದು, ಹಂಚಿ ಉಣ್ಣುವುದು, ಜಾತಿಯನ್ನು ಅಲ್ಲಗಳೆಯುವುದು ಎರಡೂ ಕಡೆ ಇವೆ. ಆದರೆ ಅಲ್ಲಿಗೇ ನಿಲ್ಲಗೊಡುವುದಿಲ್ಲ. ಶರಣರಿಗೂ ನಾನಕರಿಗೂ ಮೂರು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಶರಣರ ಅಂಗೈಯಲ್ಲಿ ಇಷ್ಟಲಿಂಗವಿದ್ದರೆ ಸಿಖ್ಖರ ಮುಂದೆ ಇರುವುದು ಶಬ್ದ, ಅಂದರೆ ಗ್ರಂಥದಲ್ಲಿರುವ ವಾಣಿ. ಹೋಲಿಕೆಯನ್ನು ಬರೆದವರು ವ್ಯತ್ಯಾಸವನ್ನೂ ಬರೆಯಬೇಕೆಂಬುದು ನನ್ನ ನಿಯಮ.

ಬಾಬರನ ಪಾಠದಲ್ಲಿ ನಾನಕರನ್ನು ಮತ್ತೆ ಕರೆತರುತ್ತೇನೆ. ಪಾಣಿಪತ್ತಿನ 1526 ಎಲ್ಲರಿಗೂ ಕಂಠಪಾಠ. ಅದಕ್ಕೂ ಮೊದಲು ಪಂಜಾಬಿನ ಮೇಲೆ ನಡೆದ ದಾಳಿಗಳನ್ನು ಕುರಿತು ನಾನಕರು ರಚಿಸಿದ ಬಾಬರವಾಣಿಯ ಪದಗಳು ಪಾಠದಲ್ಲಿಲ್ಲ. ಅವುಗಳಲ್ಲಿ ಮೂರು ಆಸಾ ರಾಗದಲ್ಲಿ, ಒಂದು ತಿಲಂಗ್ ರಾಗದಲ್ಲಿ ಇವೆ. ಇಷ್ಟೊಂದು ಹೊಡೆತಕ್ಕೆ ಜನ ಗೋಳಿಟ್ಟಾಗ ನಿನಗೆ ನೋವಾಗಲಿಲ್ಲವೇ ಎಂದು ಅಲ್ಲಿ ಅವರು ದೇವರನ್ನೇ ಕೇಳುತ್ತಾರೆ. ಪ್ರಜೆಗಳನ್ನು ಕಾಯದ ಅಂದಿನ ಆಳರಸರನ್ನೂ ಬಿಡುವುದಿಲ್ಲ. ಹಿಂದೂ ಸ್ತ್ರೀಯರ ಜೊತೆಗೆ ಮುಸ್ಲಿಂ ಸ್ತ್ರೀಯರ ದುಃಖವನ್ನೂ ಹೇಳುತ್ತಾರೆ. ಗೆದ್ದವನ ಆತ್ಮಕಥೆಯ ಪಕ್ಕದಲ್ಲಿ ಇದನ್ನಿಟ್ಟು ಓದಿಸಿದರೆ ಆಧಾರ ಎಂದರೇನೆಂದು ವಿವರಿಸಲು ಬೇರೆ ಪಾಠವೇ ಬೇಕಾಗುವುದಿಲ್ಲ.

ಅತ್ಯಂತ ಎಚ್ಚರ ಬೇಕಾಗುವುದು 1606ರ ಘಟನೆಗೆ. ಗುರು ಅರ್ಜನರ ಮರಣದ ಬಗ್ಗೆ ಜಹಾಂಗೀರ್ ತನ್ನ ಆತ್ಮಚರಿತ್ರೆಯಲ್ಲಿ ತಾನೇ ಬರೆದಿದ್ದಾನೆ: ಗುರುವಿನ ಸುತ್ತ ಹಿಂದೂಗಳೂ ಮುಸ್ಲಿಮರೂ ಸೇರುತ್ತಿದ್ದದ್ದು ತನಗೆ ಬಹುಕಾಲದಿಂದ ಸಹಿಸಿರಲಿಲ್ಲವೆಂದೂ, ಬಂಡೆದ್ದ ಮಗ ಖುಸ್ರೋನನ್ನು ಗುರು ಹರಸಿದರೆಂದು ತಿಳಿದ ಮೇಲೆ ಶಿಕ್ಷೆಗೆ ಅಪ್ಪಣೆ ಕೊಟ್ಟೆನೆಂದೂ. ಕಾದ ಕಬ್ಬಿಣದ ತಟ್ಟೆ, ಸುಡುಮರಳು, ರಾವಿ ನದಿಯ ವಿವರಗಳು ಸಿಖ್ ಪರಂಪರೆಯಿಂದ ಬರುತ್ತವೆ. ನಾನು ಎರಡನ್ನೂ ಹೇಳುತ್ತೇನೆ, ಯಾವುದು ಎಲ್ಲಿಂದ ಬಂತೆಂಬುದನ್ನೂ ಹೇಳುತ್ತೇನೆ. ಕಿರುಪರೀಕ್ಷೆಯಲ್ಲಿ ‘ಸಿಖ್ ಧರ್ಮದ ಸ್ಥಾಪಕರು ಯಾರು’ ಎಂಬುದನ್ನು ಕೈಬಿಟ್ಟು, ಇವೆರಡರಲ್ಲಿ ಯಾವುದು ಏನನ್ನು ತಿಳಿಸಬಲ್ಲದು ಎಂದು ಕೇಳತೊಡಗಿದೆ. ಆಜ್ಞೆ ಕೊಟ್ಟವನೇ ಒಪ್ಪಿಕೊಂಡಿರುವುದರಿಂದ ಆಜ್ಞೆಯನ್ನು ನಂಬಬಹುದು, ಆದರೆ ಪಟ್ಟ ನೋವನ್ನು ಅವನು ಬರೆಯುವವನಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಉತ್ತರಿಸಿದ್ದಳು.

ಈ ಇತಿಹಾಸವನ್ನು ಎರಡು ಧರ್ಮಗಳ ಕಾಳಗವಾಗಿ ಹೇಳುವ ಆಮಿಷ ದೊಡ್ಡದು. 1675ರಲ್ಲಿ ಔರಂಗಜೇಬನ ಆಳ್ವಿಕೆಯಲ್ಲಿ ದೆಹಲಿಯಲ್ಲಿ ಗುರು ತೇಗ್ ಬಹಾದೂರರ ಶಿರಚ್ಛೇದವಾದದ್ದನ್ನು ಮೃದುಗೊಳಿಸದೆ ಹೇಳಬೇಕು. ಜನಿವಾರವನ್ನು ನಿರಾಕರಿಸಿದ ನಾನಕರ ಪೀಠದಲ್ಲಿದ್ದವರು ಪರರ ತಿಲಕ ಮತ್ತು ಜನಿವಾರಕ್ಕಾಗಿ ಪ್ರಾಣ ಕೊಟ್ಟರೆಂದು ಸಿಖ್ ಪರಂಪರೆ ನೆನೆಯುವುದನ್ನೂ ಹೇಳಬೇಕು. ಅಷ್ಟೇ ಸ್ಪಷ್ಟವಾಗಿ, ಗುರು ಗೋಬಿಂದ ಸಿಂಗರ ಮೇಲೆ ಬೆಟ್ಟದ ಹಿಂದೂ ರಾಜರು ದಂಡೆತ್ತಿ ಬಂದದ್ದನ್ನೂ, ಭಂಗಾಣಿ ಯುದ್ಧದಲ್ಲಿ ಮುಸ್ಲಿಂ ಸಂತ ಪೀರ್ ಬುದ್ಧು ಶಾಹ್ ಗುರುವಿನ ಪಕ್ಷದಲ್ಲಿ ನಿಂತದ್ದನ್ನೂ ಹೇಳಬೇಕು.

1699ರಲ್ಲಿ ಗುರು ಗೋಬಿಂದ ಸಿಂಗರು ಕಟ್ಟಿದ ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಸಮುದಾಯ, ನಮ್ಮೂರಿಗೆ ಹತ್ತಿರದ ವಿಷಯ. ಆನಂದಪುರದಲ್ಲಿ ಗುರುಗಳು ತಲೆ ಕೇಳಿದಾಗ ಮೊದಲು ತಲೆಯೊಡ್ಡಿ ಎದ್ದುನಿಂತ ಐವರಲ್ಲಿ ಸಾಹೇಬ್ ಸಿಂಗರು ಬೀದರಿನ ಕ್ಷೌರಿಕ ಕುಲದವರೆಂದು ಪರಂಪರೆ ಹೇಳುತ್ತದೆ. ಹೋರಾಟಗಾರ್ತಿ ಮಾಯಿ ಭಾಗೋ ಕೊನೆಗಾಲವನ್ನು ಸಮೀಪದ ಜನವಾಡದಲ್ಲಿ ಕಳೆದರೆಂಬ ನಂಬಿಕೆಯಿದ್ದು, ಅಲ್ಲಿ ಅವರ ಸ್ಮರಣೆಯ ಗುರುದ್ವಾರವಿದೆ. ಝೀರಾದ ಒರತೆ ನಾನಕರ ಪಾದಸ್ಪರ್ಶದಿಂದ ಚಿಮ್ಮಿತೆಂಬ ಕಥೆಯನ್ನು ಭಕ್ತರ ಸ್ಮೃತಿಯಾಗಿ ಗೌರವದಿಂದ ಬರೆಸುತ್ತೇನೆ. ಇಸವಿಗಳ ಸಾಲಿನಲ್ಲಿ ಸೇರಿಸುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಮಕ್ಕಳು ಅಲ್ಲಿಗೆ ಹೋಗುತ್ತಾರೆ, ಪಾತ್ರೆ ತೊಳೆಯುವ ಸೇವೆಗೂ ಕೂರುತ್ತಾರೆ. ಶಾಲಾ ವಾರ್ಷಿಕೋತ್ಸವದಲ್ಲಿ ಮಗುವಿಗೆ ಗಡ್ಡ ಅಂಟಿಸಿ ಗುರುವಿನ ಪಾತ್ರ ಮಾಡಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಗುರುಗಳನ್ನು ಅಭಿನಯಿಸುವುದನ್ನು ಸಿಖ್ಖರು ಒಪ್ಪುವುದಿಲ್ಲ. ತರಗತಿಯಲ್ಲಿ ಸಿಖ್ ವಿದ್ಯಾರ್ಥಿ ಇದ್ದರೆ ಇಡೀ ಧರ್ಮದ ಪರವಾಗಿ ಉತ್ತರಿಸುವ ಹೊರೆಯನ್ನೂ ಅವನ ಮೇಲೆ ಹಾಕುವುದಿಲ್ಲ.

ಹತ್ತನೆಯ ತರಗತಿಯಲ್ಲಿ ಸ್ವಾತಂತ್ರ್ಯಾನಂತರದ ಭಾರತಕ್ಕೆ ಬಂದಾಗ 1984 ತಪ್ಪಿಸಿಕೊಳ್ಳಲಾಗದ ವರ್ಷ. ಜೂನಿನ ಅಮೃತಸರದ ಸೇನಾ ಕಾರ್ಯಾಚರಣೆ, ಅಕ್ಟೋಬರ್ 31ರ ಪ್ರಧಾನಿಯ ಹತ್ಯೆ, ಅದರ ಬೆನ್ನಲ್ಲೇ ನಡೆದ ಸಿಖ್ಖರ ಕಗ್ಗೊಲೆ, ಇವನ್ನು ಇದೇ ಕ್ರಮದಲ್ಲಿ ಹೇಳುತ್ತೇನೆ. ದೆಹಲಿಯೊಂದರಲ್ಲೇ 2,733 ಮಂದಿ ಸತ್ತರೆಂಬುದು ಸರ್ಕಾರಿ ಲೆಕ್ಕ. 1988ರಲ್ಲಿ ಬೀದರಿನಲ್ಲೇ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಹಲವರು ಪ್ರಾಣ ಕಳೆದುಕೊಂಡದ್ದನ್ನೂ ಹೇಳುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಕೇಳಿಯೇ ಇರುವುದಿಲ್ಲ. ಅವರ ಪ್ರಶ್ನೆಗಳಿಗೆಂದು ಮುಂದಿನ ಅವಧಿಯನ್ನು ಪೂರ್ತಿಯಾಗಿ ಬಿಟ್ಟಿರುತ್ತೇನೆ.