ದಿನಕ್ಕೊಂದು ಹಲ್ಲು, ಹದಿನಾರು ದಿನ: ದಂತರಚನೆ ಓದುವ ಕ್ರಮ

ದಂತವೈದ್ಯ ಪದವಿ ಬಿಡಿಎಸ್‌ನ ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿ ದಾಟಿದ ದಂತರಚನೆ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಎಂಡಿಎಸ್‌ಗೆ ಕೂತಾಗ ಪೂರ್ತಿ ಮರೆತಿರುತ್ತದೆ. ತುಮಕೂರಿನಲ್ಲೋ ಕೆಜಿಎಫ್‌ನಲ್ಲೋ ಹಾಸ್ಟೆಲ್ ಕೋಣೆಯಲ್ಲಿ ಕೂತು ಪಟ್ಟಿಯನ್ನು ಮತ್ತೆ ಉರುಹೊಡೆದರೆ ಅದು ಮತ್ತೆ ಮರೆಯುತ್ತದೆ. ಆಕಾರ ಒಂದು ಪುಸ್ತಕದಲ್ಲಿ, ನರ ಇನ್ನೊಂದರಲ್ಲಿ, ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮತ್ತೊಂದರಲ್ಲಿ ಓದುವುದೇ ಇದಕ್ಕೆ ಕಾರಣ. ಎಲ್ಲವನ್ನೂ ಒಂದೇ ಹಲ್ಲಿಗೆ ಕಟ್ಟಿ ಓದಿ.

ಬಾಯಲ್ಲಿ 32 ಹಲ್ಲಿದ್ದರೂ ಕಲಿಯಬೇಕಾದ್ದು 16 ಬಗೆ ಮಾತ್ರ. ಮೇಲೆ 8, ಕೆಳಗೆ 8. ಬಲಗಡೆಯದು ಎಡಗಡೆಯದರ ಕನ್ನಡಿ ಬಿಂಬ.

ಮೊದಲು ಹಲ್ಲು ಹೊಂದಿಸಿಕೊಳ್ಳಿ. ಓರಲ್ ಸರ್ಜರಿ ವಿಭಾಗದ ಒಪ್ಪಿಗೆ ಪಡೆದು ತಂದ ಕಿತ್ತ ಹಲ್ಲನ್ನು ಹಾಗೇ ಮುಟ್ಟಬಾರದು. ರಕ್ತ, ಅಂಟಿದ ಮಾಂಸ ತೆಗೆದು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ನಿಮಿಷ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಮುಕ್ತ ಮಾಡಿ. ಅಮಾಲ್ಗಮ್ (ಪಾದರಸದ ಮಿಶ್ರಲೋಹ) ತುಂಬಿದ ಹಲ್ಲನ್ನು ಮಾತ್ರ ಆಟೋಕ್ಲೇವ್‌ಗೆ ಹಾಕಬೇಡಿ, ಪಾದರಸದ ಆವಿ ಏಳುತ್ತದೆ. ಅಂಥದನ್ನು 10% ಫಾರ್ಮಾಲಿನ್‌ನಲ್ಲಿ ಎರಡು ವಾರ ಇಡಬೇಕು. ಆಮೇಲೆ ನೀರಿನಲ್ಲಿಡಿ, ಒಣಗಿದರೆ ಹಲ್ಲು ಬಿರುಕು ಬಿಡುತ್ತದೆ.

ಹಲ್ಲು ಕೈಗೆ ಬಂದ ಕೂಡಲೇ ‘ಇದು ಬಲದ್ದೋ ಎಡದ್ದೋ’ ಎಂದು ಊಹೆಗಿಳಿಯುವುದೇ ಪ್ರಾಕ್ಟಿಕಲ್‌ನಲ್ಲಿ ಆಗುವ ದೊಡ್ಡ ತಪ್ಪು. ಆ ಪ್ರಶ್ನೆ ಕೊನೆಯದು. ಬಾಚಿಹಲ್ಲೋ, ಕೋರೆಯೋ, ದವಡೆ ಹಲ್ಲೋ ನೋಡಿ. ನಂತರ ಮೇಲಿನದೋ ಕೆಳಗಿನದೋ. ನಂತರ ಕೆನ್ನೆಯ ಕಡೆಯ ಮೈ ಯಾವುದು. ನಂತರ ಮೀಸಿಯಲ್, ಅಂದರೆ ನಡುಗೆರೆಯ ಕಡೆ ಯಾವುದು. ಇಷ್ಟಾದರೆ ಬಲ, ಎಡ ತಾನಾಗಿ ಹೊರಬೀಳುತ್ತದೆ.

ಮೇಲಿನ ಮೊದಲ ಮೋಲಾರ್, ಅಂದರೆ ದೊಡ್ಡ ದವಡೆ ಹಲ್ಲು ತೆಗೆದುಕೊಳ್ಳಿ. ಮೂರು ಬೇರು: ಕೆನ್ನೆ ಕಡೆ ಎರಡು, ಅಂಗುಳಿನ ಕಡೆ ಒಂದು. ಕೆನ್ನೆ ಕಡೆಯ ಎರಡು ಕಸ್ಪ್‌ಗಳಲ್ಲಿ (ಅಗಿಯುವ ಮೈಯ ಉಬ್ಬುಗಳು) ಡಿಸ್ಟಲ್‌ನದು, ಅಂದರೆ ನಡುಗೆರೆಯಿಂದ ದೂರದ ಕಡೆಯದು ಚಿಕ್ಕದು. ಮೀಸಿಯೊಪ್ಯಾಲಟಲ್ (ಮೀಸಿಯಲ್, ಅಂಗುಳಿನ ಕಡೆಯ) ಕಸ್ಪ್‌ನಿಂದ ಡಿಸ್ಟೊಬಕ್ಕಲ್ (ಡಿಸ್ಟಲ್, ಕೆನ್ನೆ ಕಡೆಯ) ಕಸ್ಪ್‌ಗೆ ಓರೆಯಾಗಿ ಹಾಯುವ ಏಣು ಕಂಡರೆ ಅನುಮಾನವೇ ಬೇಡ. ಕ್ಯಾರಬೆಲ್ಲಿ ಕಸ್ಪ್ ಎಂಬ ಹೆಚ್ಚುವರಿ ಪುಟ್ಟ ಉಬ್ಬು ಇದ್ದರೆ ಅದೂ ಮೀಸಿಯೊಪ್ಯಾಲಟಲ್ ಕಸ್ಪ್‌ಗೇ ಅಂಟಿಕೊಂಡಿರುತ್ತದೆ. ಕೆಳಗಿನ ಮೊದಲ ಮೋಲಾರ್‌ಗೆ ಎರಡೇ ಬೇರು, ಐದು ಕಸ್ಪ್. ಅತಿ ಚಿಕ್ಕ ಕಸ್ಪ್ ಇರುವ ಕಡೆ ಡಿಸ್ಟಲ್.

ಎಡವಿಸುವುದು ಮೇಲಿನ ಮೊದಲ ಪ್ರೀಮೋಲಾರ್, ಅಂದರೆ ಕೋರೆಯ ಹಿಂದಿನ ಚಿಕ್ಕ ದವಡೆ ಹಲ್ಲು. ಬೇರೆ ಪ್ರೀಮೋಲಾರ್‌ಗಳಲ್ಲಿ ಬಕ್ಕಲ್ (ಕೆನ್ನೆ ಕಡೆಯ) ಕಸ್ಪ್‌ನ ಮೀಸಿಯಲ್ ಇಳಿಜಾರು ಗಿಡ್ಡ, ಇದರಲ್ಲಿ ಉದ್ದ. ಆ ಅಭ್ಯಾಸದಲ್ಲೇ ನೋಡಿದರೆ ಬಲದ್ದು ಎಡವಾಗುತ್ತದೆ. ಮೀಸಿಯಲ್ ಮೈಯಲ್ಲಿ ಕುತ್ತಿಗೆಯ, ಅಂದರೆ ಬೇರು ಶುರುವಾಗುವ ಜಾಗದ ಹತ್ತಿರ ಬೆರಳಾಡಿಸಿ ತಗ್ಗು ಸಿಗುತ್ತದಾ ನೋಡಿ, ಖಾತ್ರಿಯಾಗುತ್ತದೆ.

ಸಂಜೆ ಅದೇ ಹಲ್ಲನ್ನು ವ್ಯಾಕ್ಸ್ ಬ್ಲಾಕ್‌ನಲ್ಲಿ (ಮೇಣದ ತುಂಡಿನಲ್ಲಿ) ಕೆತ್ತಿ. ಮೇಲಿನ ನಡುಬಾಚಿಯ ಅಳತೆ: ಕ್ರೌನ್ (ಬೇರಿನ ಮೇಲಿನ ಭಾಗ) 10.5 ಮಿಮೀ ಉದ್ದ, ಬೇರು 13, ಕ್ರೌನಿನ ಅಗಲ 8.5, ಕುತ್ತಿಗೆಯಲ್ಲಿ ಅಗಲ 7. ಮುಂಬದಿಯ ರೂಪರೇಖೆ ಬರೆದು ಬ್ಲಾಕ್‌ನ ಆಚೆ ಬದಿಯವರೆಗೂ ಕತ್ತರಿಸಿ. ಆಮೇಲಷ್ಟೇ ಪಕ್ಕದ ರೂಪರೇಖೆ. ಮೂಲೆಗಳನ್ನು ಮೊದಲೇ ದುಂಡು ಮಾಡಿದರೆ ಅಳತೆ ಹಿಡಿಯಲು ಗೆರೆಯೇ ಉಳಿಯುವುದಿಲ್ಲ. ಕುತ್ತಿಗೆಯ ಗೆರೆ ಮೀಸಿಯಲ್‌ನಲ್ಲಿ 3.5 ಮಿಮೀ, ಡಿಸ್ಟಲ್‌ನಲ್ಲಿ 2.5 ಮಿಮೀ ಬಾಗಬೇಕು. ಎರಡೂ ಕಡೆ ಒಂದೇ ಸಮ ಬಾಗಿಸಿದರೆ ಆ ಹಲ್ಲಿಗೆ ಬಲ, ಎಡವೇ ಇಲ್ಲದಂತಾಗುತ್ತದೆ.

ಇನ್ನು ಒಳರಚನೆ. ಎನಾಮಲ್‌ನ ತೂಕದಲ್ಲಿ ಸುಮಾರು 96% ಖನಿಜ, ಅದರ ಒಳಗಿನ ಪದರವಾದ ಡೆಂಟಿನ್‌ನಲ್ಲಿ ಸುಮಾರು 70%. ಎನಾಮಲ್ ಭ್ರೂಣದ ಹೊರಪದರವಾದ ಎಕ್ಟೋಡರ್ಮ್‌ನಿಂದ ಬಂದದ್ದು. ಡೆಂಟಿನ್, ಪಲ್ಪ್ (ಒಳಗಿನ ಮೃದು ಭಾಗ), ಸಿಮೆಂಟಮ್ (ಬೇರಿನ ಹೊದಿಕೆ) ಭ್ರೂಣದ ನ್ಯೂರಲ್ ಕ್ರೆಸ್ಟ್ ಕೋಶಗಳಿಂದ ಬಂದ ಎಕ್ಟೋಮೆಸೆಂಕೈಮ್ ಎಂಬ ಅಂಗಾಂಶದವು. ಎನಾಮಲ್ ಕಟ್ಟುವ ಅಮೆಲೊಬ್ಲಾಸ್ಟ್ ಕೋಶಗಳು ಹಲ್ಲು ಬಾಯಲ್ಲಿ ಹುಟ್ಟುವ ಹೊತ್ತಿಗೆ ಇಲ್ಲವಾಗುತ್ತವೆ. ಹಾಗಾಗಿ ಎನಾಮಲ್‌ನಲ್ಲಿ ಒಮ್ಮೆ ಆದ ದೋಷ ಅಲ್ಲೇ ಉಳಿಯುತ್ತದೆ.

ಇದಕ್ಕೆ ಪುರಾವೆ ನಮ್ಮ ಸುತ್ತಲೇ ಇದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಆ ನೀರು ಕುಡಿದು ಬೆಳೆದ ಮಗುವಿನ ಹಲ್ಲಿನ ಕಲೆ ಯಾವ ವಯಸ್ಸಿನದೆಂದು ಹೇಳಲು ಕ್ರೌನ್ ಗಟ್ಟಿಯಾಗುವ ಕಾಲಪಟ್ಟಿ ಗೊತ್ತಿರಬೇಕು. ಶಾಶ್ವತ ಮೊದಲ ಮೋಲಾರ್‌ನ ಕ್ರೌನ್ ಮಗು ಹುಟ್ಟುವ ಹೊತ್ತಿಗೆ ಶುರುವಾಗಿ 2.5–3 ವರ್ಷಕ್ಕೆ ಮುಗಿಯುತ್ತದೆ. ನಡುಬಾಚಿಯದು 4–5 ವರ್ಷಕ್ಕೆ, ಎರಡನೇ ಮೋಲಾರ್‌ನದು 7–8 ವರ್ಷಕ್ಕೆ. ಮಗು ಐದು ತುಂಬಿದ ಮೇಲೆ ಆ ಊರಿಗೆ ಬಂದಿದ್ದರೆ? ಮುಂದಿನ ಬಾಚಿಗಳು ಶುಭ್ರವಾಗಿದ್ದು ಎರಡನೇ ಮೋಲಾರ್‌ನಲ್ಲಿ ಕಲೆ ಕಾಣಬಹುದು. ಹೀಗೆ ಓದಿದ ಕಾಲಪಟ್ಟಿ ಮರೆಯುವುದಿಲ್ಲ.

ನಂಬರ್ ಹಾಕುವಾಗ ರೋಗಿಯ ಬಲ ನಿಮ್ಮ ಎಡ ಎಂಬುದು ನೆನಪಿರಲಿ. ಹಲ್ಲಿಗೆ ಎರಡಂಕಿಯ ನಂಬರ್ ಕೊಡುವ ಎಫ್‌ಡಿಐ ಪದ್ಧತಿಯಲ್ಲಿ 16 ಮೇಲಿನ ಬಲದ ಮೊದಲ ಮೋಲಾರ್, 55 ಅದರ ಮುಂದೆ ನಿಂತಿರುವ ಹಾಲುಹಲ್ಲು. ಎರಡೂ ನೋಡಲು ಒಂದೇ ಥರ. ಆರನೇ ವಯಸ್ಸಿಗೆ ಹುಟ್ಟುವ 16ನ್ನು ಹೆತ್ತವರು ಹಾಲುಹಲ್ಲೆಂದು ಹುಳುಕಿಗೆ ಬಿಟ್ಟುಬಿಡುವುದೂ ಇದರಿಂದಲೇ.

ಕೊನೆಗೆ ನರ. ಅದೇ 16ರ ಮೀಸಿಯೊಬಕ್ಕಲ್ ಬೇರಿಗೆ ಸಾಮಾನ್ಯವಾಗಿ ಮಿಡಲ್ ಸುಪೀರಿಯರ್ ಆಲ್ವಿಯೋಲಾರ್ ನರ, ಉಳಿದ ಬೇರುಗಳಿಗೆ ಪೋಸ್ಟೀರಿಯರ್ ಸುಪೀರಿಯರ್ ಆಲ್ವಿಯೋಲಾರ್ ನರ. ಪೋಸ್ಟೀರಿಯರ್ ಬ್ಲಾಕ್ (ಆ ನರವನ್ನು ಮರಗಟ್ಟಿಸುವ ಚುಚ್ಚುಮದ್ದು) ಒಂದನ್ನೇ ಕೊಟ್ಟರೆ ರೋಗಿಗೆ ನೋವು ಉಳಿಯುವುದು ಇದಕ್ಕೇ. ಪ್ರಶ್ನೆಪತ್ರಿಕೆಯಲ್ಲಿ ಇದು ಬಗೆಬಗೆಯ ರೂಪದಲ್ಲಿ ಬರುತ್ತದೆ.

ನೀಟ್ ಎಂಡಿಎಸ್‌ನಲ್ಲಿ 240 ಪ್ರಶ್ನೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಅಭ್ಯಾಸ ಮಾಡುವಾಗ ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಮೊದಲು ಉತ್ತರ ಬರೆದು ಆಮೇಲೆ ತೆರೆಯಿರಿ. ತಪ್ಪಿದ್ದನ್ನು ಹಲ್ಲಿನ ನಂಬರಿನ ಕೆಳಗೆ ಬರೆದಿಟ್ಟು, ಮರುದಿನ ಹೊಸ ಹಲ್ಲು ಎತ್ತಿಕೊಳ್ಳುವ ಮೊದಲು ಹಳೆಯದನ್ನು ಕೈಯಲ್ಲಿ ಹಿಡಿದು ಆ ಪುಟ ಓದಿ.