ಐಕ್ಯಾನ್ ಶುಲ್ಕದ ಚೌಕಾಸಿ: ಸಣ್ಣ ರಿಜಿಸ್ಟ್ರಾರ್‌ಗಳು ಎಲ್ಲಿಂದ ಶುರು ಮಾಡಬೇಕು

ನಮ್ಮದು ಸುಮಾರು 60 ಸಾವಿರ ಡೊಮೇನ್ ಹೆಸರು ನೋಡಿಕೊಳ್ಳುವ ಸಣ್ಣ ರಿಜಿಸ್ಟ್ರಾರ್ ಕಂಪನಿ, ಅಂದರೆ ಗ್ರಾಹಕರಿಗೆ ವೆಬ್ ವಿಳಾಸ ನೋಂದಾಯಿಸಿಕೊಡುವವರು. ಲೆಕ್ಕಪತ್ರ ನನ್ನ ಕೈಯಲ್ಲಿದೆ. ಇಂಟರ್‌ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಗೆ ನಾವು ಕಟ್ಟುವ, ಒಂದು ಹೆಸರಿಗೆ ವರ್ಷಕ್ಕೆ 18 ಸೆಂಟ್ ಇದ್ದ ಶುಲ್ಕ 2025ರ ಜುಲೈ 1ರಿಂದ 20 ಸೆಂಟ್ ಆಯಿತು. ನಮಗೆ ವರ್ಷಕ್ಕೆ 1,200 ಡಾಲರ್ ಜಾಸ್ತಿ. ಒಬ್ಬರೇ ಗೊಣಗಿದರೆ ಇದು ಇಳಿಯುವುದಿಲ್ಲ. ಆದರೆ ಒಟ್ಟಾಗಿ ಕೇಳೋಕೆ ಐಕ್ಯಾನ್ ಜೊತೆಗಿನ ನಮ್ಮ ಕರಾರಿನಲ್ಲೇ ಒಂದು ದಾರಿ ಇದೆ. ಸಹಿ ಹಾಕಿದ ಎಷ್ಟೋ ಜನ ಅದನ್ನು ಗಮನಿಸಿಲ್ಲ.

2013ರ ರಿಜಿಸ್ಟ್ರಾರ್ ಮಾನ್ಯತಾ ಕರಾರಿನ 3.9ನೇ ಭಾಗ ತೆಗೆಯಿರಿ. ವರ್ಷದ 4,000 ಡಾಲರ್ ಮಾನ್ಯತಾ ಶುಲ್ಕದಲ್ಲಿ ಚೌಕಾಸಿಗೆ ಜಾಗ ಇಲ್ಲ, ಬಿಟ್ಟುಬಿಡಿ. ಅದರ ಕೆಳಗಿನ ಬದಲಾಗುವ ಶುಲ್ಕವನ್ನು ನೋಡಿ, ಆ 20 ಸೆಂಟ್ ಸೇರುವುದು ಇದರಲ್ಲೇ. ಆಡಳಿತ ಮಂಡಳಿ ಅದನ್ನು ಗೊತ್ತುಮಾಡಿದರೂ ರಿಜಿಸ್ಟ್ರಾರ್‌ಗಳು ಸ್ಪಷ್ಟವಾಗಿ ಒಪ್ಪಬೇಕು. ಒಟ್ಟು ರಿಜಿಸ್ಟ್ರಾರ್ ಶುಲ್ಕದ ಮೂರರಲ್ಲಿ ಎರಡು ಪಾಲು ಕಟ್ಟುವವರ ಒಪ್ಪಿಗೆ ಬೇಕು. ಇಲ್ಲಿ ತಲೆ ಎಣಿಸುವುದಿಲ್ಲ, ದುಡ್ಡು ಎಣಿಸುತ್ತಾರೆ. ನಮ್ಮಂಥ ನೂರು ಜನ ಸೇರಿದರೂ ಸಾಲದೆ ಹೋಗಬಹುದು. ಹಾಗಾಗಿ ಮೊದಲ ಕೆಲಸ, ಕೋಟ್ಯಂತರ ಹೆಸರಿರುವ ಇಬ್ಬರು ಮೂವರನ್ನಾದರೂ ಜೊತೆಗೆ ಕರೆತರುವುದು. ಒಂದು ವರ್ಷ ನಾವು ಸಣ್ಣವರೇ ಮಾತಾಡಿಕೊಂಡು ಕೂತಿದ್ದೆವು. ಅಷ್ಟರಲ್ಲಿ ಒಬ್ಬ ದೊಡ್ಡ ರಿಜಿಸ್ಟ್ರಾರ್ ಯಾರಿಗೂ ಹೇಳದೆ ಒಪ್ಪಿಗೆ ಕಳಿಸಿಬಿಟ್ಟರು. ನಮ್ಮ ಮಾತಿಗಿದ್ದ ತೂಕ ಅಲ್ಲಿಗೇ ಹೋಯಿತು.

ಒಪ್ಪಿಗೆ ಕೊಡದಿದ್ದರೆ ಗೆದ್ದಂತೆ ಅಂದುಕೊಳ್ಳಬೇಡಿ. ಐಕ್ಯಾನ್ ರಿಜಿಸ್ಟ್ರಿಗಳ (.org ನಂಥ ಕೊನೆಯಿರುವ ಹೆಸರುಗಳ ಮೂಲ ಪಟ್ಟಿ ಇಡುವ ಸಂಸ್ಥೆಗಳು) ಜೊತೆ ಮಾಡಿಕೊಂಡ ಕರಾರಿನ 6.3ನೇ ಭಾಗ ಓದಿ. ರಿಜಿಸ್ಟ್ರಾರ್‌ಗಳು ಒಪ್ಪದಿದ್ದರೆ ರಿಜಿಸ್ಟ್ರಿಗಳಿಂದ ಶುಲ್ಕ ವಸೂಲು ಮಾಡಬಹುದು ಅಂತ ಅಲ್ಲಿದೆ. ಅವರು ಅದನ್ನು ನಮ್ಮ ಮೇಲೇ ಹಾಕುತ್ತಾರೆ, ಅಲ್ವಾ? ಆದ್ದರಿಂದ ಮತವನ್ನು ಕೊನೆಗೆ ಇಟ್ಟುಕೊಳ್ಳಿ. ನಿಜವಾದ ಚೌಕಾಸಿ ಬಜೆಟ್ ಇನ್ನೂ ಕರಡಾಗಿರುವಾಗ ನಡೆಯಬೇಕು.

ಐಕ್ಯಾನ್ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಕರಡು ಬಜೆಟ್ ಸಾಮಾನ್ಯವಾಗಿ ಅದಕ್ಕೆ ಆರೇಳು ತಿಂಗಳು ಮೊದಲೇ ಸಾರ್ವಜನಿಕ ಅಭಿಪ್ರಾಯಕ್ಕೆ ಬರುತ್ತದೆ. ಬಂದ ವಾರವೇ ರಿಜಿಸ್ಟ್ರಾರ್ ಗುಂಪಿನೊಳಗೆ ಸಾಲುಗಳನ್ನು ಹಂಚಿಕೊಳ್ಳಿ. ಸಂಬಳ ಒಬ್ಬರಿಗೆ, ಪ್ರಯಾಣ ಮತ್ತು ಸಭೆ ಒಬ್ಬರಿಗೆ, ಹೊರಗಿನ ಸಲಹೆಗಾರರು ಇನ್ನೊಬ್ಬರಿಗೆ. "ಖರ್ಚು ಜಾಸ್ತಿಯಾಯಿತು" ಅಂತ ಬರೆದರೆ ಯಾರೂ ಉತ್ತರಿಸಬೇಕಾಗಿಲ್ಲ. ಈ ಸಾಲು ಹೋದ ವರ್ಷಕ್ಕಿಂತ ಇಷ್ಟು ಏರಿದೆ, ಕಾರಣ ಕೊಡಿ, ಇಲ್ಲವೇ ಇಷ್ಟು ಇಳಿಸಿ ಅಂತ ಬರೆಯಿರಿ. ಗುಂಪಿನ ಹೆಸರಲ್ಲಿ ಒಂದು ಪತ್ರ, ಅದರ ಹಿಂದೆ ಪ್ರತಿ ಕಂಪನಿಯ ಸ್ವಂತ ಲೆಕ್ಕ. ನಾನು ನಮ್ಮ 10,800 ಡಾಲರ್ 12,000 ಆಗುವುದನ್ನು ಒಂದೇ ಸಾಲಲ್ಲಿ ತೋರಿಸುತ್ತೇನೆ.

ಸಣ್ಣವರು ಇನ್ನೊಂದು ಲೆಕ್ಕ ಮರೆಯಬಾರದು. ಬದಲಾಗುವ ಶುಲ್ಕದ ಒಂದು ಭಾಗ ಹೆಸರಿನ ಮೇಲಲ್ಲ, ಕಂಪನಿ ಮೇಲೆ ಬೀಳುತ್ತದೆ. ಒಂದು ದೊಡ್ಡ ಮೊತ್ತವನ್ನು ಮಾನ್ಯತೆ ಇರುವ ರಿಜಿಸ್ಟ್ರಾರ್‌ಗಳಿಗೆ ಹಂಚುತ್ತಾರೆ. ಅವಧಿ ಮುಗಿದ ಹೆಸರು ಹಿಡಿಯೋಕೆ ಅಂತಲೇ ನೂರಾರು ಮಾನ್ಯತೆ ಇಟ್ಟುಕೊಂಡವರು ಅವನ್ನು ಬಿಟ್ಟರೆ ಉಳಿದವರ ಪಾಲು ಏರುತ್ತದೆ. ಬಜೆಟ್ ಒಂದು ಡಾಲರ್ ಏರದಿದ್ದರೂ ಸರಿ. ಸಣ್ಣ ಕಂಪನಿಗಳಿಗೆ ಈ ಭಾಗದಲ್ಲಿ ಮೂರರಲ್ಲಿ ಎರಡು ಪಾಲು ಮನ್ನಾ ಕೇಳುವ ದಾರಿಯೂ ಇದೆ. ನನಗೆ ಆ 2 ಸೆಂಟ್‌ನಷ್ಟೇ ಈ ಮನ್ನಾ ಕೂಡ ಮುಖ್ಯ. ಚೌಕಾಸಿಯಲ್ಲಿ ಅದನ್ನು ಬಿಟ್ಟುಕೊಡಲು ನಾನು ಯಾವತ್ತೂ ಒಪ್ಪುವುದಿಲ್ಲ.

ಒಂದು ಎಚ್ಚರಿಕೆ. ನಾವೆಲ್ಲ ಒಬ್ಬರಿಗೊಬ್ಬರು ಪೈಪೋಟಿ ಇರುವವರು. ಸಭೆಯಲ್ಲಿ ಐಕ್ಯಾನ್‌ಗೆ ಕಟ್ಟುವ ಶುಲ್ಕದ ಮಾತು ಸರಿ. ಗ್ರಾಹಕರಿಗೆ ಎಷ್ಟು ಬೆಲೆ ಹಾಕುತ್ತೀರಿ, ಏರಿಕೆಯನ್ನು ಯಾವಾಗ ದಾಟಿಸುತ್ತೀರಿ ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಸ್ಪರ್ಧಾ ಕಾನೂನಿನ ತೊಂದರೆ ಅಲ್ಲಿಂದ ಶುರುವಾಗುತ್ತದೆ. ಸಭೆಯ ಟಿಪ್ಪಣಿ ಬರೆದಿಡಿ.

ಕೊನೆಗೆ ಒಪ್ಪಿಗೆ ಕೇಳಿ ಇಮೇಲ್ ಬರುತ್ತದೆ. ತಕ್ಷಣ ಒತ್ತಬೇಡಿ. ಪತ್ರದಲ್ಲಿ ಕೇಳಿದ್ದಕ್ಕೆ ಬರಹದಲ್ಲಿ ಉತ್ತರ ಬಂದಿದೆಯಾ ನೋಡಿ, ಜೊತೆಯವರಿಗೆ ಫೋನ್ ಮಾಡಿ, ಆಮೇಲೆ ನಿಮ್ಮ ಕಂಪನಿಯ ತೀರ್ಮಾನ ಕಳಿಸಿ.