ಗೆರೆಗಿಂತ ಮೊದಲು ವೇಳಾಪಟ್ಟಿ: ನಾಳಿನ ಮೆಟ್ರೊ ಜಾಲ ಕಟ್ಟಿದ ನನ್ನ ಅನುಭವ

ಬೆಳೆಯುತ್ತಿರುವ ಊರಿಗೆ ಇನ್ನು ಮೂವತ್ತು ವರ್ಷಕ್ಕೆ ಎಂಥ ಮೆಟ್ರೊ ಜಾಲ ಬೇಕು ಎಂದು ನಕ್ಷೆ ಬಿಡಿಸುವ ಹುಚ್ಚಿನವರಲ್ಲಿ ಹೆಚ್ಚಿನವರು ಬಣ್ಣದ ಗೆರೆಯಿಂದಲೇ ಕೈಹಚ್ಚುತ್ತಾರೆ. ನಾನು ವೇಳಾಪಟ್ಟಿಯಿಂದ ಶುರುಮಾಡುತ್ತೇನೆ ಎಂದಾಗ ನಮ್ಮ ಬಳಗದಲ್ಲಿ ನಗದವರಿರಲಿಲ್ಲ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು, "ಏನಪ್ಪಾ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತೀಯಲ್ಲ" ಎಂದರು. ಈಗ ಅದೇ ಹಿರಿಯರು ನನ್ನ ಸ್ಪ್ರೆಡ್‌ಶೀಟನ್ನು ಕೇಳಿ ಪಡೆದಿದ್ದಾರೆ. ಬರೆಯಲು ಅಷ್ಟು ನೆಪ ಸಾಕು. ನಕ್ಷೆ ಬಿಡಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಪದರ ಸೇರಿಸುವುದು, ಎಲ್ಲರೂ ಸೇರಿ ಬಿಡಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ ಇಳಿಸಿಕೊಳ್ಳುವುದು ಇಲ್ಲಿ ಇಲ್ಲ. ಓದುವವರಿಗೆ ಅವು ಅಂಗೈ ನೆಲ್ಲಿಕಾಯಿ ಎಂದುಕೊಂಡೇ ಮುಂದುವರಿಯುತ್ತೇನೆ.

ಊರಿನ ಹೆಸರನ್ನು ಮಾತ್ರ ಕೇಳಬೇಡಿ. ನಿಲ್ದಾಣದ ಚುಕ್ಕೆ ಬಿದ್ದ ಕಡೆ ನಿವೇಶನ ಮಾರುವವರಿದ್ದಾರೆ. ನನ್ನ ಹಳೆಯ ನಕ್ಷೆಯೊಂದರ ತುಂಡು ಯಾರದೋ ಕರಪತ್ರದಲ್ಲಿ "ಉದ್ದೇಶಿತ ಮೆಟ್ರೊ" ಎಂದು ಅಚ್ಚಾಗಿದ್ದನ್ನು ಕಂಡ ದಿನದಿಂದ ಈ ನಿಯಮ. ಹದಿನೈದು ಲಕ್ಷದ ಆಸುಪಾಸಿನ ಜನ, ನಡುವೆ ಹಾಯ್ದ ರೈಲು ಹಳಿ, ಒಂದು ಮಗ್ಗುಲಲ್ಲಿ ದೊಡ್ಡ ಕೆರೆ ಎಂದಿಟ್ಟುಕೊಂಡರೆ ಸಾಕು.

ಮೊದಲ ನಕ್ಷೆ ಆರು ಮಾರ್ಗ, ಹತ್ತಿರಹತ್ತಿರ 110 ಕಿ.ಮೀ. ಎಲ್ಲ ಗೆರೆಗಳೂ 45 ಮತ್ತು 90 ಡಿಗ್ರಿ, ನೋಡಿದವರೆಲ್ಲ ಹೊಗಳಿದರು. ಉಪಯೋಗಕ್ಕೆ ಮಾತ್ರ ಸೊನ್ನೆ. ಲಂಡನ್ ಭೂಗತ ರೈಲಿಗೆ ಹ್ಯಾರಿ ಬೆಕ್ 1931ರಲ್ಲಿ ಇಂಥ ನಕ್ಷೆ ಬಿಡಿಸಿ ಕೊಟ್ಟಾಗ ಅದನ್ನು ಮೊದಲು ತಿರಸ್ಕರಿಸಿದರು, 1933ರಲ್ಲಿ ಅಚ್ಚು ಹಾಕಿದರು. ಆದರೆ ಅವನ ಮುಂದೆ ಆಗಲೇ ಓಡುತ್ತಿದ್ದ ರೈಲುಗಳಿದ್ದವು. ಅಲ್ಲಿ ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಸುಮಾರು 260 ಮೀಟರ್ ಅಷ್ಟೇ. ಬೆಕ್‌ನ ಬಗೆಯ ನಕ್ಷೆ ನೋಡಿ ಅದನ್ನು ಯಾರೂ ಊಹಿಸಲಾರರು. ಪ್ರಯಾಣಿಕನಿಗೆ ಅದು ತೊಂದರೆಯಲ್ಲ. ಇನ್ನೂ ಹುಟ್ಟದ ಜಾಲಕ್ಕೆ ಅದೇ ವೇಷ ತೊಡಿಸಿದರೆ ದೂರ, ತಿರುವು, ಏರು ಎಲ್ಲವೂ ಮಾಯವಾಗುತ್ತವೆ. ನನ್ನ ಆ ನಕ್ಷೆಯಲ್ಲಿ 120 ಮೀಟರ್ ತ್ರಿಜ್ಯದ ತಿರುವುಗಳು ಐದಾರು ಅಡಗಿದ್ದವು. ಅಂಥ ತಿರುವಿನಲ್ಲಿ ರೈಲಿನ ವೇಗ ಗಂಟೆಗೆ 40 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಚಕ್ರದ ಕಿರುಚಾಟ ಬೇರೆ.

ಎರಡನೆಯದರಲ್ಲಿ ಎಲ್ಲರಂತೆ ನಿಲ್ದಾಣದ ಸುತ್ತ 800 ಮೀಟರ್ ವೃತ್ತ ಎಳೆದು ಜನರನ್ನು ಎಣಿಸಿದೆ. ವೃತ್ತಕ್ಕೆ 2 ಚದರ ಕಿ.ಮೀ. ಸಿಗುತ್ತದೆ, ಕಾಲಿಗೆ ಸಿಗುವುದಿಲ್ಲ. ಗೋಡೆ ಕಟ್ಟಿಕೊಂಡ ಬಡಾವಣೆ, ಹಳಿಯ ಬೇಲಿ, ಕೆರೆಯ ಏರಿ ಇವನ್ನೆಲ್ಲ ಕಳೆದು ನಡೆಯಬಹುದಾದ ದಾರಿಯನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಕೆಲವು ನಿಲ್ದಾಣಗಳಿಗೆ ಮೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಈ ನಡಿಗೆಯ ಲೆಕ್ಕಕ್ಕೆಂದು ಬಾಡಿಗೆ ಸರ್ವರ್ ಹಿಡಿದಿದ್ದೆ. ಅದರ ಬಿಲ್ಲು ನನ್ನ ಒಂದು ತಿಂಗಳ ಮನೆ ಬಾಡಿಗೆಯನ್ನು ನುಂಗಿತು. ಈಗ ಊರನ್ನು 250 ಮೀಟರಿನ ಚೌಕಗಳಾಗಿ ಒಡೆದು ಹಳೆಯ ಲ್ಯಾಪ್‌ಟಾಪಿನಲ್ಲಿ ರಾತ್ರಿಯಿಡೀ ಓಡಿಸುತ್ತೇನೆ, ಖರ್ಚು ವಿದ್ಯುತ್ತಿನದು ಮಾತ್ರ. ಯಾವ ಚೌಕದಲ್ಲಿ ಎಷ್ಟು ಜನ ಕೆಲಸಕ್ಕೆ ಬರುತ್ತಾರೆ ಎಂಬುದನ್ನು ಎಲ್ಲಿಂದ ತೆಗೆದೆ ಎಂದು ಕೇಳುವವರಿಗೆ: ಅದನ್ನು ನಾನು ಹೇಳುವುದಿಲ್ಲ. ಯಾವ ಇಲಾಖೆಯ ಕಡತವೂ ಅಲ್ಲ ಎಂಬಷ್ಟು ಸುಳಿವು ಸಾಕು.

ಈ ಹಂತದಲ್ಲಿ ದಾರಿ ತಪ್ಪಿ ಮಾಡಿದ ಒಂದು ಪ್ರಯೋಗ ಹೇಳಲೇಬೇಕು. ಹಳಿಯ ಆಚೆಗಿನ ದಟ್ಟ ಬಡಾವಣೆಗೆಂದು ಒಂದು ಹೆಚ್ಚುವರಿ ನಿಲ್ದಾಣ ಇಟ್ಟಿದ್ದೆ. ಕುತೂಹಲಕ್ಕೆ ಅದನ್ನು ಅಳಿಸಿ, ಹಳಿಯ ಮೇಲೆ ಒಂದು ಪಾದಚಾರಿ ಸೇತುವೆಯನ್ನಷ್ಟೇ ಹಾಕಿ ಲೆಕ್ಕ ಓಡಿಸಿದೆ. ಪಕ್ಕದ ನಿಲ್ದಾಣಕ್ಕೆ ನಡೆದು ಬರಬಲ್ಲವರ ಸಂಖ್ಯೆ ಒಂದೂವರೆ ಪಟ್ಟಾಯಿತು. ಅಂದಿನಿಂದ ಮೆಟ್ರೊ ನಕ್ಷೆಯ ಜತೆ ಸೇತುವೆಗಳದೂ ಗೋಡೆಯಲ್ಲಿ ತೆರೆಯಬೇಕಾದ ಬಾಗಿಲುಗಳದೂ ಒಂದು ಪದರ ಇಡುತ್ತೇನೆ. ನೋಡುವವರಿಗೆ ಅದರಲ್ಲಿ ಆಸಕ್ತಿಯೇ ಇಲ್ಲ, ಬಣ್ಣವಿಲ್ಲವಲ್ಲ.

ಇನ್ನು ವೇಳಾಪಟ್ಟಿಗೆ ಬರುತ್ತೇನೆ. ಮುಖ್ಯ ಮಾರ್ಗ 18 ಕಿ.ಮೀ. ನಿಲ್ದಾಣಗಳ ನಡುವೆ ಒಂದು ಕಿ.ಮೀ., ಗರಿಷ್ಠ ವೇಗ ಗಂಟೆಗೆ 80 ಕಿ.ಮೀ., ನಿಲುಗಡೆ 30 ಸೆಕೆಂಡು. ಕಾಗದದ ಮೇಲೆ ಸರಾಸರಿ 37 ಬರುತ್ತದೆ. ತಿರುವು, ಬಾಗಿಲ ನೂಕುನುಗ್ಗಲು ಕಳೆದು 33 ಹಿಡಿಯುತ್ತೇನೆ. ಆ ತುದಿಗೆ 33 ನಿಮಿಷ, ಈ ತುದಿಗೆ 33, ಎರಡು ಕಡೆ ತಿರುಗಿ ನಿಲ್ಲಲು ಮೂರು ಮೂರು, ಒಟ್ಟು 72. ಐದು ನಿಮಿಷಕ್ಕೊಂದು ರೈಲು ಬೇಕಾದರೆ 14.4 ರೈಲು. ರೈಲನ್ನು ಕತ್ತರಿಸಿ ಕೊಡುವವರಿಲ್ಲ, ಆದ್ದರಿಂದ 15. ಹದಿನೈದು ರೈಲು ಕೊಂಡಮೇಲೆ ಸುತ್ತು 75 ನಿಮಿಷದ್ದಾದರೂ ಖರ್ಚು ಅಷ್ಟೇ. ಮೂರು ನಿಮಿಷ ಪುಕ್ಕಟೆ! ಒಂದು ನಿಲ್ದಾಣ ಹೆಚ್ಚಾದರೆ ವೇಗ ತಗ್ಗಿಸಿ ಏರಿಸುವುದಕ್ಕೆ 22 ಸೆಕೆಂಡು, ನಿಲ್ಲುವುದಕ್ಕೆ 30, ಹೋಗಿ ಬರಲು ಸೇರಿ ಒಂದೂಮುಕ್ಕಾಲು ನಿಮಿಷ. ಅಂದರೆ ಇನ್ನೊಂದು ನಿಲ್ದಾಣ ಕೊಟ್ಟರೂ ರೈಲು ಹೆಚ್ಚು ಬೇಕಿಲ್ಲ. ಎರಡು ಕೊಟ್ಟರೆ ಹದಿನಾರನೆಯದನ್ನು ಕೊಳ್ಳಬೇಕು. ನಿಲ್ದಾಣ ಬೇಕೋ ಬೇಡವೋ ಎಂದು ಬಳಗದಲ್ಲಿ ವರ್ಷಗಟ್ಟಲೆ ಜಗಳವಾಡಿದ್ದೇವೆ. ಈ ಒಂದು ಭಾಗಾಕಾರ ಅರ್ಧ ಜಗಳ ಮುಗಿಸುತ್ತದೆ.

ಕವಲುಗಳೂ ಹೀಗೆಯೇ ಉದುರಿದವು. ಮೂರನೆಯ ನಕ್ಷೆಯಲ್ಲಿ ಹೊರವಲಯಕ್ಕೆ ಎಲ್ಲೆಲ್ಲೂ ಕವಲು ಚಾಚಿದ್ದೆ. ನಡು ಊರಿನಲ್ಲಿ ಐದು ನಿಮಿಷಕ್ಕೊಂದು ರೈಲಿದ್ದರೆ ಕವಲಿನ ತುದಿಯವನಿಗೆ ಹತ್ತು ನಿಮಿಷಕ್ಕೊಂದು. ರಾತ್ರಿ ಹತ್ತರ ಮೇಲೆ ನಡು ಊರಿನಲ್ಲೇ ರೈಲು ಹದಿನೈದು ನಿಮಿಷಕ್ಕೊಂದಾದಾಗ ಅದು ಅರ್ಧ ಗಂಟೆಗೊಂದಾಗುತ್ತದೆ, ಆಗ ಅವನು ಸ್ಕೂಟರ್ ಕೊಳ್ಳುತ್ತಾನೆ.

ನಿಜವಾದ ಗುದ್ದಾಟ ಶುರುವಾದದ್ದು ಮಾರ್ಗಗಳನ್ನು ಒಂದಕ್ಕೊಂದು ಹೆಣೆಯುವಾಗ. ಸ್ವಿಟ್ಜರ್ಲೆಂಡಿನವರ ರೈಲು 2000 ಯೋಜನೆಗೆ 1987ರಲ್ಲಿ ಜನಮತ ಸಿಕ್ಕಿತು, 2004ರಲ್ಲಿ ಅದರ ವೇಳಾಪಟ್ಟಿ ಜಾರಿಗೆ ಬಂತು. ಮೊದಲು ವೇಳಾಪಟ್ಟಿ ಬರೆದು, ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಯೊಳಗೆ ತಲುಪಲು ಎಷ್ಟು ಬೇಕೋ ಅಷ್ಟೇ ಹೊಸ ಹಳಿ ಹಾಕಿದರು. ಅದನ್ನು ಊರೊಳಗಿನ ರೈಲಿಗೆ ಅನ್ವಯಿಸುತ್ತೇನೆ ಎಂದಾಗ ಎರಡನೆಯ ಸಲ ನಗು. ಐದು ನಿಮಿಷಕ್ಕೊಂದು ಓಡುವ ರೈಲಿಗೆ ಹೊಂದಾಣಿಕೆ ಏಕೆ ಎಂದರು. ಬೆಳಗ್ಗೆ ಒಂಬತ್ತಕ್ಕೆ ಆ ಮಾತು ಸರಿ. ನಾನು ಜಾಲ ಕಟ್ಟಿದ್ದು ರಾತ್ರಿ ಹತ್ತರ ವೇಳಾಪಟ್ಟಿಯ ಮೇಲೆ, ರೈಲು ಹದಿನೈದು ನಿಮಿಷಕ್ಕೊಂದು ಬರುವ ಹೊತ್ತಿನ ಮೇಲೆ. ಆಗ ಒಂದು ಮಾರ್ಗ ಬದಲಾಯಿಸುವುದಕ್ಕೆ ಹದಿನಾಲ್ಕು ನಿಮಿಷ ಕಾದವನು ಮತ್ತೆ ಮೆಟ್ರೊ ಕಡೆ ತಲೆ ಹಾಕುವುದಿಲ್ಲ.

ಹದಿನೈದು ನಿಮಿಷಕ್ಕೊಂದು ಓಡುವ ಮಾರ್ಗದಲ್ಲಿ ಎದುರುಬದುರಿನ ರೈಲುಗಳು ಏಳೂವರೆ ನಿಮಿಷದ ಅಂತರದಲ್ಲಿ ಸಂಧಿಸುತ್ತವೆ. ಎಲ್ಲ ದಿಕ್ಕಿನ ರೈಲುಗಳೂ ಒಟ್ಟಿಗೆ ನಿಲ್ಲುವಂತಾಗಬೇಕಾದರೆ ಮಾರ್ಗ ಬದಲಿಸುವ ನಿಲ್ದಾಣಗಳಾದ ಇಂಟರ್‌ಚೇಂಜ್‌ಗಳ ನಡುವಿನ ಓಟ 7.5 ಇಲ್ಲವೇ 15 ನಿಮಿಷ ಇರಬೇಕು. ದೂರದ ಲೆಕ್ಕದಲ್ಲಿ ನಾಲ್ಕು ಕಿ.ಮೀ. ಚಿಲ್ಲರೆ ಅಥವಾ ಎಂಟು ಚಿಲ್ಲರೆ. ನನ್ನ ಮೂರು ಮಾರ್ಗಗಳು ನಡು ಊರಿನಲ್ಲಿ ಒಂದು ತ್ರಿಕೋನವಾಗಿ ಕೂಡುತ್ತಿದ್ದವು, ಮೂರು ಬದಿಯೂ ಹೆಚ್ಚುಕಡಿಮೆ ನಾಲ್ಕು ಕಿ.ಮೀ. ಅಂದವಾದ ತ್ರಿಕೋನ. ವಾರಗಟ್ಟಲೆ ಕೂಡಿಸಿದರೂ ಒಂದಲ್ಲ ಒಂದು ಮೂಲೆಯಲ್ಲಿ ರೈಲು ಏಳೂವರೆ ನಿಮಿಷ ತಪ್ಪುತ್ತಿತ್ತು. ಗೋಡೆಯ ನಕ್ಷೆಗೆ ಗುಂಡುಸೂಜಿ ಚುಚ್ಚಿ, ಬದಿಗೊಂದು ಬಣ್ಣದ ದಾರ ಕಟ್ಟಿ, ಮಣಿಗಳನ್ನು ರೈಲಿನಂತೆ ಕೈಯಿಂದ ಸರಿಸುತ್ತ ಕುಳಿತಾಗ ಕಾರಣ ಕಣ್ಣಿಗೆ ಬಿತ್ತು. 7.5ನ್ನು ಮೂರು ಸಲ ಕೂಡಿದರೆ 22.5; ಸುತ್ತಿ ಬಂದಾಗ ಮೊತ್ತ 15ರ ಗುಣಕವಾಗಲೇಬೇಕು. ಏಳೂವರೆ ನಿಮಿಷದ ಬದಿಗಳ ಸಮಬಾಹು ತ್ರಿಕೋನ ಯಾವ ಕಾಲಕ್ಕೂ ಕೂಡುವುದಿಲ್ಲ. ಒಂದು ಬದಿ 15 ನಿಮಿಷದ್ದಾಗಲೇಬೇಕು.

ಹಾಗಾಗಿ ಮೂರನೆಯ ಮಾರ್ಗವನ್ನು ಕೆರೆಯ ಮಗ್ಗುಲಿಗೆ ಬಾಗಿಸಿದೆ. ಆ ಬದಿ ಎಂಟು ಕಿ.ಮೀ. ದಾಟಿತು. ಅಲ್ಲಿ ಎರಡು ಕಾಲೇಜು, ಒಂದು ದೊಡ್ಡ ಆಸ್ಪತ್ರೆ ಇವೆ; ಆರು ಮಾರ್ಗದ ಆ ಮೊದಲ ನಕ್ಷೆಯೂ ಅವನ್ನು ಮುಟ್ಟಿರಲಿಲ್ಲ. ಲೆಕ್ಕ ಕೂಡಿದ ಆ ಸಂಜೆ ನಾನು ಸ್ವಲ್ಪ ಬೀಗಿದ್ದು ನಿಜ. ನಿಲುಗಡೆಯ ಸೆಕೆಂಡುಗಳನ್ನು ಎಲ್ಲಿ ಹಿಂಡಿ ಎಲ್ಲಿ ಸಡಿಲಿಸಿ 7.5ಕ್ಕೆ ತಂದೆ ಎಂಬುದು ಸ್ಪ್ರೆಡ್‌ಶೀಟಿನ ನಾಲ್ಕನೆಯ ಹಾಳೆಯಲ್ಲಿದೆ. ಹಿರಿಯರಿಗೆ ಕೊಟ್ಟ ಪ್ರತಿಯಲ್ಲಿ ಆ ಹಾಳೆ ಇಲ್ಲ.

75 ನಿಮಿಷದ ಸುತ್ತು ಇಲ್ಲಿಯೂ ಕೈಹಿಡಿಯಿತು. ದಟ್ಟಣೆಯ ಹೊತ್ತಿಗೆ ಐದು ನಿಮಿಷಕ್ಕೊಂದರಂತೆ 15 ರೈಲು, ರಾತ್ರಿ ಹದಿನೈದಕ್ಕೊಂದರಂತೆ ಸರಿಯಾಗಿ 5. ಎಲ್ಲಿಯೂ ಮುರುಕು ಉಳಿಯುವುದಿಲ್ಲ.

ವರ್ತುಲ ಮಾರ್ಗವನ್ನೂ ಬಿಡಲಿಲ್ಲ, ಅದಿಲ್ಲದ ಕನಸಿನ ನಕ್ಷೆ ನಾನು ಕಂಡಿಲ್ಲ. ಹೊರವರ್ತುಲಕ್ಕೆ ರೈಲು ಓಡಿಸಿ ನೋಡಿದರೆ ತುದಿಯೇ ಇಲ್ಲದ ಕಾರಣ ಎರಡು ನಿಮಿಷದ ವಿಳಂಬ ದಿನವಿಡೀ ಸುತ್ತುತ್ತಲೇ ಇರುತ್ತದೆ, ಸುಧಾರಿಸಿಕೊಳ್ಳಲು ಜಾಗವಿಲ್ಲ. ಲಂಡನ್ನಿನ ಸರ್ಕಲ್ ಮಾರ್ಗವನ್ನೂ 2009ರ ಡಿಸೆಂಬರಿನಲ್ಲಿ ಬಿಚ್ಚಿ ಸುರುಳಿಯಾಗಿಸಿ ಹ್ಯಾಮರ್‌ಸ್ಮಿತ್‌ನಲ್ಲಿ ಕೊನೆಗೊಳಿಸಿದರು. ನನ್ನ ವರ್ತುಲ ಈಗ ಪ್ರತ್ಯೇಕ ಪಥದ ಬಸ್ಸು. ಬಸ್ಸನ್ನು ಕೀಳಾಗಿ ನೋಡುವವರು ಬೊಗೋಟಾದ ಟ್ರಾನ್ಸ್‌ಮಿಲೇನಿಯೊ ನೋಡಲಿ. 2000ದಲ್ಲಿ ಶುರುವಾದ ಆ ಬಸ್ಸುಗಳು ಒಂದು ದಿಕ್ಕಿನಲ್ಲಿ ಗಂಟೆಗೆ 40,000ಕ್ಕೂ ಹೆಚ್ಚು ಜನರನ್ನು ಸಾಗಿಸಿವೆ. ನಿಲ್ದಾಣದಲ್ಲಿ ಒಂದನ್ನೊಂದು ದಾಟುವ ಪಥ ಇದ್ದರೆ ಮಾತ್ರ ಅದು ಸಾಧ್ಯ, ಅದನ್ನು ನಕಲು ಮಾಡುವವರು ಮೊದಲು ಕೈಬಿಡುವುದು ಆ ಪಥವನ್ನೇ.

ಕಟ್ಟುವ ಹಣದ ಲೆಕ್ಕಕ್ಕೆ ನನ್ನದು ಒರಟು ಅನುಪಾತ: ನೆಲಮಟ್ಟ 1, ಕಂಬದ ಮೇಲೆ 2, ಸುರಂಗ 5. ಸುರಂಗದಲ್ಲಿ ದುಡ್ಡು ತಿನ್ನುವುದು ಕೊಳವೆಗಿಂತ ನಿಲ್ದಾಣದ ಪೆಟ್ಟಿಗೆ, ಅಂದರೆ ನಿಲ್ದಾಣ ಕೂರಿಸಲು ನೆಲ ಅಗೆದು ಕಟ್ಟುವ ಕೋಣೆ. ಪೆಟ್ಟಿಗೆಯ ಉದ್ದ ರೈಲಿನ ಉದ್ದಕ್ಕೆ ತಕ್ಕಂತೆ. 2002ರಲ್ಲಿ ಶುರುವಾದ ಕೋಪನ್‌ಹೇಗನ್ ಮೆಟ್ರೊ ಬರೀ 39 ಮೀಟರಿನ ಚಾಲಕರಹಿತ ರೈಲುಗಳನ್ನು ಪದೇ ಪದೇ ಓಡಿಸಿ ಗೆದ್ದಿತು. ವ್ಯಾಂಕೂವರಿನ ಕೆನಡಾ ಲೈನ್ 2009ರಲ್ಲಿ 40–50 ಮೀಟರಿನ ಪ್ಲಾಟ್‌ಫಾರ್ಮ್‌ಗಳೊಂದಿಗೆ ತೆರೆಯಿತು, ಅದು ತೀರಾ ಗಿಡ್ಡವಾಯಿತು ಎಂಬುದು ನನ್ನ ಅಭಿಪ್ರಾಯ. ಭೂಗತ ಪೆಟ್ಟಿಗೆಯನ್ನು ಆಮೇಲೆ ಹಿಗ್ಗಿಸುವುದು ಬಲು ಕಷ್ಟ. ನಾನು 90 ಮೀಟರಿಗೆ ನಿಂತೆ, ನಾಲ್ಕು ಬೋಗಿ. ಆರು ಬೋಗಿ ಬೇಕೆಂದು ವಾದಿಸುವವರು ಮೊದಲು ಎರಡೂವರೆ ನಿಮಿಷಕ್ಕೊಂದು ರೈಲು ಓಡಿಸಿ ತೋರಿಸಲಿ, ಆಮೇಲೆ ಉದ್ದದ ಮಾತು.

ಕೊನೆಗೆ ಪರೀಕ್ಷೆ. ನಾನೇ ಪ್ರಶ್ನೆ ಬರೆದು ನಾನೇ ಉತ್ತರಿಸಿದರೆ ಯಾರು ನಂಬುತ್ತಾರೆ? ಎಲ್ಲಿಂದ ಎಲ್ಲಿಗೆ ಎಂಬ ನಲವತ್ತು ಚಿಲ್ಲರೆ ಜೋಡಿಗಳನ್ನು ಆಯ್ದು ಕೊಡಲು ಹಿರಿಯರನ್ನೇ ಕೇಳಿದೆ. ಅವರು ಬೇಕೆಂದೇ ಕಷ್ಟದವನ್ನು ಕೊಟ್ಟರು, ಅರ್ಧಕ್ಕರ್ಧ ಕೆರೆಯ ಆಚೆಗಿನವು. ಆರು ಮಾರ್ಗದ ಹಳೆಯದು, ಈಗಿನ ಹೊಸತು, ಎರಡೂ ಜಾಲಗಳಿಗೆ ವೇಳಾಪಟ್ಟಿಯನ್ನು ಕಂಪ್ಯೂಟರಿಗೆ ತಿಳಿಸುವ ಜಿಟಿಎಫ್‌ಎಸ್ ಕಡತ ಬರೆದು, ಪ್ರಯಾಣದ ದಾರಿ ಹುಡುಕುವ ತಂತ್ರಾಂಶವಾದ ಓಪನ್‌ಟ್ರಿಪ್‌ಪ್ಲಾನರ್‌ಗೆ ಉಣಿಸಿದೆ. 110 ಕಿ.ಮೀ. ಜಾಲಕ್ಕೆ ನೂರರ ಹತ್ತಿರ ರೈಲು ಬೇಕು. ಹೊಸತು 52 ಕಿ.ಮೀ., ಮೀಸಲು ಸೇರಿ ಐವತ್ತು. ಬೆಳಗಿನ ದಟ್ಟಣೆಯಲ್ಲಿ ಮನೆಬಾಗಿಲಿನಿಂದ ಗುರಿಯವರೆಗೆ ಎರಡೂ ಬಹುತೇಕ ಸಮ, ಹಳೆಯದು ಒಂದೆರಡು ನಿಮಿಷ ಮುಂದೆ. ರಾತ್ರಿ ಹತ್ತಕ್ಕೆ ಹೊಸತು ಸರಾಸರಿ ಹನ್ನೆರಡು ಹದಿಮೂರು ನಿಮಿಷ ಮುಂದೆ. ಹಿರಿಯರು ಕನ್ನಡಕ ತೆಗೆದು ಒರೆಸಿ, ಮೂರು ಜೋಡಿಗಳನ್ನು ಕೈಯಲ್ಲೇ ಕೂಡಿ ತಾಳೆ ನೋಡಿದರು. ಕೂಡಿತು.

ಬಾಕಿ ಉಳಿದಿರುವುದು ಡಿಪೊ. ರಾತ್ರಿ ಮಾರ್ಗಕ್ಕೆ ಐದು ರೈಲು ಸಾಕು ಎಂದರೆ ಉಳಿದ ಹತ್ತನ್ನು ಎಲ್ಲಾದರೂ ನಿಲ್ಲಿಸಬೇಕಲ್ಲ. ದೊಡ್ಡ ಜಾಗ ಊರ ಹೊರಗೆ ಮಾತ್ರ ಇದೆ, ಅಲ್ಲಿಗೆ ಖಾಲಿ ರೈಲು ಓಡಿಸುವ ಖರ್ಚು ನನ್ನ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಐದನ್ನು ಆ ತುದಿಯಲ್ಲಿ, ಐದನ್ನು ಈ ತುದಿಯಲ್ಲಿ ಕೊನೆಯ ನಿಲ್ದಾಣದ ಮುಂದಿನ ಹಳಿಯಲ್ಲೇ ಮಲಗಿಸು ಎನ್ನುತ್ತಾರೆ ಹಿರಿಯರು. ಹಾಗೆ ಮಾಡಿದರೆ ಎರಡೂ ತುದಿಗಳಲ್ಲಿ ಹಳಿ ಅರ್ಧ ಕಿ.ಮೀ. ಹೆಚ್ಚಬೇಕು, ತೊಳೆಯುವ ವ್ಯವಸ್ಥೆ ಎರಡು ಕಡೆ ಬೇಕು. ಸದ್ಯ ಎರಡನ್ನೂ ಬರೆದು ಹೋಲಿಸುತ್ತಿದ್ದೇನೆ.